ಬಹುಮಾನವಿಲ್ಲದ ಎರಡು ದಿನ: ಆ್ಯಪ್ ಶಿಬಿರಕ್ಕೆ ಮಕ್ಕಳನ್ನು ಕಳುಹಿಸಿದ್ದೇಕೆ?



ಈ ವರದಿಯ ಖರ್ಚಿನ ಪಟ್ಟಿಯಲ್ಲಿ ‘ಶಿಬಿರ ಪ್ರಯಾಣ ವೆಚ್ಚ’ ಎಂಬ ಹೊಸ ಬಾಬತ್ತು ಒಂದಿದೆ. ಮೊತ್ತ ದೊಡ್ಡದಲ್ಲ. ಆರು ಮಕ್ಕಳ ಬಸ್ ಚಾರ್ಜು, ಊಟ, ಜೊತೆಗೆ ಹೋದ ಒಬ್ಬ ಶಿಕ್ಷಕಿಯ ಖರ್ಚು, ಅಷ್ಟೆ. ಝಕಾತ್ ಖಾತೆಯಿಂದ ಇದಕ್ಕೆ ಒಂದು ರೂಪಾಯಿಯನ್ನೂ ತೆಗೆದಿಲ್ಲ; ಸಾಮಾನ್ಯ ದೇಣಿಗೆಯಿಂದ ಕೊಟ್ಟಿದ್ದೇವೆ. ಆದರೂ ಲೆಕ್ಕ ನೋಡಿದ ಹಿರಿಯ ದಾನಿಯೊಬ್ಬರು, ‘ಮಕ್ಕಳು ಏನು ಗೆದ್ದು ಬಂದರು?’ ಎಂದು ಕೇಳಿದರು. ಏನೂ ಗೆದ್ದಿಲ್ಲ. ಅಲ್ಲಿ ಗೆಲ್ಲಲು ಏನೂ ಇರಲಿಲ್ಲ. ಹಾಗಿದ್ದೂ ಏಕೆ ಕಳುಹಿಸಿದೆವು ಎಂದು ವಿವರಿಸುವುದು ನಮ್ಮ ಹೊಣೆ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ. ಹಿಂದಿನ ವರ್ಷ ಡಿಪ್ಲೊಮಾ ಓದುತ್ತಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳು ಇಂಥದ್ದೇ ಶಿಬಿರಕ್ಕೆ ಬಸ್ ಚಾರ್ಜು ಕೇಳಿ ಅರ್ಜಿ ಕೊಟ್ಟಿದ್ದಳು. ನಮ್ಮ ನಮೂನೆಯಲ್ಲಿ ‘ದೊರೆಯುವ ಬಹುಮಾನ ಅಥವಾ ಪ್ರಮಾಣಪತ್ರ’ ಎಂಬ ಕಲಂ ಇತ್ತು. ಅವಳು ಪ್ರಾಮಾಣಿಕವಾಗಿ ‘ಇಲ್ಲ’ ಎಂದು ಬರೆದಳು. ನಾವು ಅರ್ಜಿಯನ್ನು ಪಕ್ಕಕ್ಕಿಟ್ಟೆವು. ಅವಳು ಮತ್ತೆ ಕೇಳಲಿಲ್ಲ. ಬಡ ಮನೆಯ ಮಕ್ಕಳು ಸಾಮಾನ್ಯವಾಗಿ ಎರಡನೇ ಸಲ ಕೇಳುವುದಿಲ್ಲ ಎಂಬುದು ಮೂವತ್ತು ವರ್ಷ ಪಾಠ ಮಾಡಿದ ನಮಗೆ ಗೊತ್ತಿರಬೇಕಿತ್ತು. ಈ ಸಾಲಿನಿಂದ ಆ ಕಲಂ ತೆಗೆದಿದ್ದೇವೆ. ಆದರೆ ಈ ಬಾರಿ ಹೋದ ಆರು ಮಂದಿಯಲ್ಲಿ ಅವಳಿರಲಿಲ್ಲ; ಅವಳಿಗೆ ಅಂತಿಮ ವರ್ಷದ ಪರೀಕ್ಷೆ ಹತ್ತಿರವಿತ್ತು.

ಇಂಥ ಕೂಟಗಳಿಗೆ ಹ್ಯಾಕಥಾನ್ ಎಂಬ ಹೆಸರು ರೂಢಿಯಲ್ಲಿದೆ. ‘ಹ್ಯಾಕ್’ ಎಂದೊಡನೆ ಬ್ಯಾಂಕ್ ಖಾತೆಗೆ ಕನ್ನ ಹಾಕುವವರು ನೆನಪಾಗಿ ಕೆಲವು ತಾಯಂದಿರು ಗಾಬರಿಯಾಗಿದ್ದರು. ಇಲ್ಲಿ ಆ ಮಾತಿನ ಅರ್ಥ ಬೇರೆ. ಜಾಣ್ಮೆಯಿಂದ ಪ್ರೋಗ್ರಾಂ ಬರೆಯುವುದಕ್ಕೆ ಕಂಪ್ಯೂಟರಿನವರು ಹಾಗೆನ್ನುತ್ತಾರೆ; ಅದಕ್ಕೆ ಮ್ಯಾರಥಾನ್ ಓಟದ ಬಾಲ ಸೇರಿದೆ. 1999ರ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ ಎಂಬ ಮುಕ್ತ ತಂತ್ರಾಂಶದ ಹತ್ತು ಮಂದಿ ಕೆನಡಾದ ಕ್ಯಾಲ್ಗರಿ ನಗರದಲ್ಲಿ ಒಟ್ಟಿಗೆ ಕುಳಿತು ಕೆಲಸ ಮಾಡಿದರು. ಈ ಹೆಸರು ಹೊತ್ತ ಮೊದಮೊದಲ ಕೂಟಗಳಲ್ಲಿ ಅದೂ ಒಂದು. ಗುಪ್ತಲಿಪಿಯ ತಂತ್ರಾಂಶವನ್ನು ಹೊರದೇಶಕ್ಕೆ ಕಳುಹಿಸಲು ಅಂದು ಅಮೆರಿಕದಲ್ಲಿ ಕಾನೂನಿನ ತೊಡಕಿತ್ತು, ಆದ್ದರಿಂದ ಕೆನಡಾ. ಅವರು ಸೇರಿದ್ದು ಸ್ಪರ್ಧೆಗಲ್ಲ, ಕೂಡಿ ಕೆಲಸ ಮಾಡಲು. ನಗದು ಬಹುಮಾನ, ವೇದಿಕೆ, ತೀರ್ಪುಗಾರರೆಲ್ಲ ಬಲವಾದದ್ದು ಆಮೇಲೆ. ನಮ್ಮ ದೇಶದಲ್ಲಿ 2017ರಿಂದ ನಡೆಯುತ್ತಿರುವ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಬಹುಮಾನವಿರುವ ಬಗೆಯದು. ಅದಕ್ಕೆ ಹೋಗುವ ಮಕ್ಕಳಿಗೂ ನಮ್ಮ ನೆರವು ಮುಂದುವರಿಯುತ್ತದೆ.

ಆದರೆ ಸ್ಪರ್ಧೆಯಿಲ್ಲದ ಹಳೆಯ ಬಗೆ ಸತ್ತಿಲ್ಲ. 2009ರಲ್ಲಿ ಆರಂಭವಾದ ಗ್ಲೋಬಲ್ ಗೇಮ್ ಜ್ಯಾಮ್‌ನಲ್ಲಿ ಕಡಿಮೆ ಅವಧಿಯಲ್ಲಿ ಆಟಗಳನ್ನು ಕಟ್ಟುತ್ತಾರೆ. ಅದು ಸ್ಪರ್ಧೆಯಲ್ಲ ಎಂದು ನಡೆಸುವವರೇ ಹೇಳುತ್ತಾರೆ. 2010ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಶುರುವಾದ ರೈಲ್ಸ್ ಗರ್ಲ್ಸ್, 2014ರಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ಶುರುವಾದ ಜಾಂಗೋ ಗರ್ಲ್ಸ್ ಇವೆರಡೂ ಕೋಡ್ ಎಂದರೇನೆಂದು ಅರಿಯದ ಹೆಣ್ಣುಮಕ್ಕಳಿಗಾಗಿ ಉಚಿತವಾಗಿ ನಡೆಯುವ ಕಾರ್ಯಾಗಾರಗಳು. ಬಲ್ಲವರು ಬಿಡುವಿನ ದಿನ ಬಂದು ಪಕ್ಕದಲ್ಲಿ ಕುಳಿತು ಕಲಿಸುತ್ತಾರೆ.

ನಮ್ಮ ಮಕ್ಕಳು ಹೋದದ್ದೂ ಇದೇ ಜಾತಿಯ ಶಿಬಿರಕ್ಕೆ, ಶಿವಮೊಗ್ಗದ ಕಾಲೇಜೊಂದಕ್ಕೆ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹೋಗಿ ಸಂಜೆ ಮರಳಿದರು, ಭಾನುವಾರವೂ ಹಾಗೆಯೇ. ರಾತ್ರಿ ಉಳಿಯುವ ಪ್ರಶ್ನೆ ಬರಲಿಲ್ಲ. ಟ್ರಸ್ಟಿನ ಹಳೆಯ ಲ್ಯಾಪ್‌ಟಾಪ್ ಎರಡನ್ನು ಕೊಟ್ಟು ಕಳುಹಿಸಿದ್ದೆವು. ಒಂದರ ಬ್ಯಾಟರಿ ಪೂರ್ತಿ ಕೆಟ್ಟಿತ್ತು, ಪ್ಲಗ್ ಕಿತ್ತರೆ ಆರಿಹೋಗುತ್ತಿತ್ತು. ಆ ತಂಡ ಎರಡು ದಿನವೂ ಗೋಡೆಗೆ ಅಂಟಿಕೊಂಡೇ ಕೂತಿತ್ತಂತೆ.

ಬಳಸಿದ್ದು ಆ್ಯಪ್ ಇನ್ವೆಂಟರ್. ಇದನ್ನು 2010ರಲ್ಲಿ ಗೂಗಲ್ ಹೊರತಂದಿತು, 2012ರಿಂದ ಅಮೆರಿಕದ ಎಂಐಟಿ ಸಂಸ್ಥೆ ಉಚಿತವಾಗಿ ನಡೆಸುತ್ತಿದೆ. ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ತೆರೆದರೆ ಎರಡು ಪುಟಗಳು. ಒಂದರಲ್ಲಿ ಪರದೆಯ ಮೇಲೆ ಗುಂಡಿ, ಬರೆಯುವ ಖಾನೆ, ಚಿತ್ರ ಎಲ್ಲೆಲ್ಲಿ ಬರಬೇಕೆಂದು ಇಡುವುದು. ಇನ್ನೊಂದರಲ್ಲಿ ಗುಂಡಿ ಒತ್ತಿದರೆ ಏನಾಗಬೇಕೆಂಬುದನ್ನು ಬಣ್ಣದ ತುಂಡುಗಳನ್ನು ಒಂದಕ್ಕೊಂದು ಕಚ್ಚಿಸಿ ಹೇಳುವುದು. ಕೀಲಿಮಣೆಯಲ್ಲಿ ಉದ್ದುದ್ದ ಕೋಡ್ ಟೈಪ್ ಮಾಡಬೇಕಿಲ್ಲ. ಫೋನ್ ಮತ್ತು ಲ್ಯಾಪ್‌ಟಾಪ್ ಒಂದೇ ವೈಫೈನಲ್ಲಿದ್ದು ಫೋನಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ, ಕಟ್ಟುತ್ತಿರುವ ಆ್ಯಪ್ ಆ ಕ್ಷಣವೇ ಕೈಯಲ್ಲಿ ಓಡುತ್ತದೆ.

ಏನು ಕಟ್ಟಬೇಕೆಂದು ಯಾರೂ ಹೇಳಿಕೊಡಲಿಲ್ಲ. ‘ನಿಮ್ಮ ಮನೆಯಲ್ಲಿ ಪದೇ ಪದೇ ತಲೆನೋವು ಕೊಡುವ ಒಂದು ಕೆಲಸ ಬರೆಯಿರಿ’ ಎಂದರಂತೆ. ನಮ್ಮ ಮೂವರು ಹುಡುಗಿಯರು ಬರೆದದ್ದು ವಿದ್ಯಾರ್ಥಿವೇತನದ ಅರ್ಜಿ. ಓದುತ್ತಿರುವ ನಿಮ್ಮಲ್ಲಿ ಅನೇಕರಿಗೆ ಇದು ಹೊಸದಲ್ಲ. ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮಹಮ್ಮದ್, ಪಾಸ್‌ಬುಕ್ಕಿನಲ್ಲಿ ಮುಹಮ್ಮದ್. ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಒಂದೇ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಅರ್ಜಿ ಸಿಕ್ಕಿಹಾಕಿಕೊಳ್ಳಬಹುದು. ಗೊತ್ತಾಗುವ ಹೊತ್ತಿಗೆ ಕೊನೆಯ ದಿನಾಂಕ ಮುಗಿದಿರುತ್ತದೆ. ಎರಡು ದಾಖಲೆಗಳಲ್ಲಿರುವ ಹೆಸರನ್ನು ಟೈಪ್ ಮಾಡಿದರೆ ಹೊಂದುತ್ತದೆಯೋ ಇಲ್ಲವೋ ಮೊದಲೇ ಹೇಳುವ ಆ್ಯಪ್ ಅವರಿಗೆ ಬೇಕಿತ್ತು.

ಎರಡು ಖಾನೆ, ಒಂದು ಗುಂಡಿ, ಹೋಲಿಸುವ ಒಂದು ತುಂಡು. ಊಟದ ಹೊತ್ತಿಗೆ ಮುಗಿಯಿತು ಎಂದುಕೊಂಡರು. ಪರೀಕ್ಷಿಸಿದರೆ, ಕಣ್ಣಿಗೆ ಒಂದೇ ಆಗಿರುವ ಹೆಸರುಗಳೂ ಹೊಂದುತ್ತಿಲ್ಲ ಎಂದು ಬಂತು. ಫೋನ್ ತಾನೇ ಸೂಚಿಸಿದ ಪದವನ್ನು ಆರಿಸಿಕೊಂಡಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರುತ್ತಿತ್ತು. ಯಂತ್ರಕ್ಕೆ ಖಾಲಿಯೂ ಒಂದು ಅಕ್ಷರವೇ. ಆ ಅಂಚನ್ನು ಕತ್ತರಿಸುವ ತುಂಡು ಇದೆಯೆಂದು ತೋರಿಸಿಕೊಟ್ಟವರು ಪಕ್ಕದ ಮೇಜಿನ ಹುಡುಗರು. ಆಮೇಲೆ, ಯಾವ ಅಕ್ಷರದಲ್ಲಿ ವ್ಯತ್ಯಾಸ ಎಂದು ತೋರಿಸಲು ಹೊರಟರು. ಒಂದು ಹೆಸರು ಚಿಕ್ಕದಿದ್ದರೆ ಇಲ್ಲದ ಅಕ್ಷರವನ್ನು ಹುಡುಕಿ ಆ್ಯಪ್ ದೋಷ ತೋರಿಸಿ ನಿಲ್ಲುತ್ತಿತ್ತು. ಅದನ್ನು ಸರಿಪಡಿಸುವುದರಲ್ಲಿ ಶನಿವಾರ ಸಂಜೆಯಾಯಿತು.

ಭಾನುವಾರ ಮಾತಿನ ಕೆಲಸ. ಹೊಂದದಿದ್ದರೆ ಕೆಂಪಕ್ಷರದಲ್ಲಿ ‘ತಪ್ಪು’ ಎಂದು ಬರುವಂತೆ ಮಾಡಿದ್ದರು. ಅವರಲ್ಲೇ ಒಬ್ಬಳು, ‘ನಮ್ಮ ಅಮ್ಮಿ ಇದನ್ನು ನೋಡಿದರೆ ಅರ್ಜಿಯನ್ನೇ ಬಿಟ್ಟುಬಿಡ್ತಾರೆ’ ಎಂದಳು. ಈಗ ಅಲ್ಲಿ ‘ಈ ಅಕ್ಷರದಲ್ಲಿ ವ್ಯತ್ಯಾಸ ಇದೆ, ಅರ್ಜಿ ಹಾಕುವ ಮುಂಚೆ ಸರಿಪಡಿಸಿಕೊಳ್ಳಿ’ ಎಂದು ಬರುತ್ತದೆ. ಆಧಾರ್ ಸಂಖ್ಯೆಗೂ ಒಂದು ಖಾನೆ ಇಟ್ಟಿದ್ದರು. ಕಲಿಸಲು ಬಂದಿದ್ದ ಎಂಜಿನಿಯರ್ ಒಬ್ಬರು, ‘ಹೆಸರು ಹೋಲಿಸಲು ಸಂಖ್ಯೆ ಬೇಕಾ?’ ಎಂದಷ್ಟೇ ಕೇಳಿದರು. ಮಕ್ಕಳು ತಾವೇ ಆ ಖಾನೆಯನ್ನು ಅಳಿಸಿದರು. ಬೇಡದ ಮಾಹಿತಿಯನ್ನು ಯಾರಿಂದಲೂ ಕೇಳಬಾರದು ಎಂಬ ಪಾಠ ನಮ್ಮ ಟ್ರಸ್ಟಿನ ಅರ್ಜಿ ನಮೂನೆಗೂ ತಾಗುತ್ತದೆ. ಈ ವರ್ಷ ಅದರಿಂದಲೂ ಎರಡು ಕಲಂ ಕಡಿಮೆ ಮಾಡಿದ್ದೇವೆ.

ಇದಕ್ಕೆ ಬಹುಮಾನವಿದ್ದಿದ್ದರೆ ಪಕ್ಕದ ಮೇಜಿನ ಹುಡುಗರು ಎದ್ದು ಬರುತ್ತಿದ್ದರೇ? ನಮಗೆ ಅನುಮಾನ. ಸ್ಪರ್ಧೆಯ ತಂಡಗಳಲ್ಲಿ ಬಲ್ಲ ಒಬ್ಬ ಕೋಡ್ ಬರೆಯುತ್ತಾನೆ. ಹೊಸಬರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಚಾರ್ಟು ಬರೆಯುವ ಕೆಲಸವೋ ವೇದಿಕೆಯಲ್ಲಿ ಮಾತಾಡುವ ಕೆಲಸವೋ ಬೀಳುತ್ತದೆ. ಸಮಯದ ಒತ್ತಡದಲ್ಲಿ ಅದನ್ನು ತಪ್ಪೆನ್ನಲೂ ಆಗದು. ತರಗತಿಯಲ್ಲಿ ಕೈ ಎತ್ತದ ಮಕ್ಕಳನ್ನು ನಾವು ಬಹಳ ನೋಡಿದ್ದೇವೆ. ಅವರಿಗೆ ಗೊತ್ತಿಲ್ಲವೆಂದಲ್ಲ, ಗೊತ್ತಿಲ್ಲವೆಂದು ಪಕ್ಕದವರಿಗೆ ಗೊತ್ತಾಗಿಬಿಡುತ್ತದೆ ಎಂಬ ಭಯ. ಕೊನೆಯ ಸಂಜೆ ಪ್ರತಿ ತಂಡವೂ ತನ್ನ ಆ್ಯಪ್ ತೋರಿಸಿ, ಏನು ಕೆಲಸ ಮಾಡುತ್ತಿಲ್ಲ ಎಂಬುದನ್ನೂ ಹೇಳಬೇಕಿತ್ತು. ನಮ್ಮ ಇನ್ನೊಂದು ತಂಡದ ಹುಡುಗರದು ಅರ್ಧಕ್ಕೇ ನಿಂತಿತ್ತು. ಅವರೂ ತೋರಿಸಿದರು, ಅವರಿಗೂ ಚಪ್ಪಾಳೆ ಬಿತ್ತು.

ಹೆಚ್ಚಾಗಿ ಹೇಳಿ ದಾನಿಗಳನ್ನು ಮರುಳು ಮಾಡುವುದಿಲ್ಲ. ಎರಡು ದಿನದಲ್ಲಿ ಯಾರೂ ಎಂಜಿನಿಯರ್ ಆಗುವುದಿಲ್ಲ, ಇದರಿಂದ ನೇರವಾಗಿ ಕೆಲಸವೂ ಸಿಗುವುದಿಲ್ಲ. ಹೆಸರು ಹೋಲಿಸುವ ಆ್ಯಪಿಗೆ ಇನಿಷಿಯಲ್ ಮುಂದಿದ್ದರೂ ಹಿಂದಿದ್ದರೂ ಒಂದೇ ಎಂಬುದು ಇನ್ನೂ ತಿಳಿಯದು. ಆದರೂ ಈ ಸಾಲಿನ ಅರ್ಜಿ ಸ್ವೀಕರಿಸುವಾಗ ಅದನ್ನು ನಮ್ಮ ಕಚೇರಿಯ ಫೋನಿನಲ್ಲಿ ಹಾಕಿಕೊಂಡಿದ್ದೆವು. ಆಟೋ ಓಡಿಸುವ ತಂದೆಯೊಬ್ಬರು ಶಿಬಿರಕ್ಕೆ ಮುಂಚೆ, ‘ಮೇಷ್ಟ್ರೇ, ಸರ್ಟಿಫಿಕೇಟೂ ಇಲ್ಲ ಅಂದ್ರೆ ಎರಡು ದಿನ ಯಾಕೆ ಹಾಳು ಮಾಡ್ಬೇಕು?’ ಎಂದಿದ್ದರು. ಅವರ ಮಗನ ಹೆಸರಿನಲ್ಲೇ ಒಂದು ಅಕ್ಷರ ಹೆಚ್ಚಿರುವುದು ಆ ಫೋನಿನಲ್ಲಿ ಕಂಡಿತು. ಕೊನೆಯ ದಿನಾಂಕಕ್ಕೆ ಮುಂಚೆಯೇ ಸರಿಪಡಿಸಿಕೊಂಡು ಬಂದರು.

ಮುಂದಿನ ಸಾಲಿನಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾ ಮತ್ತು ಪದವಿ ಓದುತ್ತಿರುವ ನಮ್ಮ ವಿದ್ಯಾರ್ಥಿವೇತನದ ಮಕ್ಕಳು ಇಂಥ ಶಿಬಿರಗಳ ಪ್ರಯಾಣ ವೆಚ್ಚಕ್ಕೆ ಅರ್ಜಿ ಕೊಡಬಹುದು. ಮೊದಲು ಕೋಡ್ ಕಲಿತಿರಬೇಕಿಲ್ಲ. ಬಿಳಿ ಹಾಳೆಯಲ್ಲಿ ಶಿಬಿರದ ಸ್ಥಳ, ದಿನಾಂಕ, ಪೋಷಕರ ಸಹಿ ಇದ್ದರೆ ಸಾಕು. ಹೆಣ್ಣುಮಕ್ಕಳ ಜೊತೆ ಶಿಕ್ಷಕಿಯೊಬ್ಬರನ್ನು ಕಳುಹಿಸುವ ಹೊಣೆ ನಮ್ಮದು. ತಾಯಿ ತಾವೇ ಹೋಗುವುದಾದರೆ ಅವರ ಬಸ್ ಚಾರ್ಜನ್ನೂ ಕೊಡುತ್ತೇವೆ. ಪರೀಕ್ಷೆಗೆ ಹದಿನೈದು ದಿನದೊಳಗಿನ ಶಿಬಿರಕ್ಕೆ ಮಾತ್ರ ಅನುಮತಿಯಿಲ್ಲ. ಮನೆಯಲ್ಲಿ ಬಳಸದೆ ಇಟ್ಟಿರುವ, ಚಾಲೂ ಇರುವ ಲ್ಯಾಪ್‌ಟಾಪ್ ಇದ್ದರೆ ದಾನಿಗಳು ದಯವಿಟ್ಟು ಕಚೇರಿಗೆ ತಲುಪಿಸಿ. ಬ್ಯಾಟರಿ ಒಮ್ಮೆ ನೋಡಿ ಕಳುಹಿಸಿದರೆ ಉಪಕಾರ.