ಮನಸ್ಸು ಮಂಕಾಗಿದೆಯೆ? ಜಗಲಿಗೆ ಬನ್ನಿ

ನಿಮಗಿದು ಗೊತ್ತೆ? ಟ್ಯೂಬ್‌ಲೈಟ್ ಉರಿಯುವ ಕೋಣೆ ಎಷ್ಟೇ ಝಗಮಗ ಎನಿಸಿದರೂ ಅಲ್ಲಿನ ಬೆಳಕು ಸಾಮಾನ್ಯವಾಗಿ 500 ಲಕ್ಸ್ (ಬೆಳಕಿನ ಅಳತೆಯ ಮಾನ) ದಾಟುವುದಿಲ್ಲ. ಮೋಡ ಕವಿದ ದಿನವೂ ಅಂಗಳದಲ್ಲಿ ಹಲವು ಸಾವಿರ ಲಕ್ಸ್ ಇರುತ್ತದೆ; ಬಿಸಿಲೇರಿದರೆ ಲಕ್ಷದ ಹತ್ತಿರ! ಬೆಳಗಿನ ಬೆಳಕು ಕಣ್ಣು ಹೊಕ್ಕರೆ ನಿದ್ದೆಯ ಹಾರ್ಮೋನು ಮೆಲಟೋನಿನ್ ತಗ್ಗಿ, ದೇಹದ ಗಡಿಯಾರ ಹಳಿಗೆ ಬರುತ್ತದೆ. ಚಳಿಗಾಲದ ಕತ್ತಲು ತರುವ ಖಿನ್ನತೆಯನ್ನು 1984ರಲ್ಲಿ ವಿವರಿಸಿದ ಅಮೆರಿಕದ ವೈದ್ಯ ನಾರ್ಮನ್ ರೋಸೆಂತಾಲ್ ತಂಡ ಬೆಳಕನ್ನೇ ಮದ್ದಾಗಿ ಕೊಟ್ಟಿತು. ಈಗ ಅಂಥ ಖಿನ್ನತೆ ಇರುವವರನ್ನು 10,000 ಲಕ್ಸ್ ದೀಪದೆದುರು ಅರ್ಧ ಗಂಟೆ ಕೂರಿಸುವುದುಂಟು. ನಮಗೆ ದೀಪವೇಕೆ? ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕುಳಿತರಾಯಿತು. ಮೊಬೈಲ್ ಒಳಗೇ ಇರಲಿ. (ಸೂರ್ಯನನ್ನು ಮಾತ್ರ ದಿಟ್ಟಿಸಬೇಡಿ.) ಎರಡು ವಾರವಾದರೂ ಮಂಕು ಸರಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.