ಗಲ್ಲಾದ ಹಿಂದೆ ತೂಗುವ ಕಾಗದ



ನಿಮ್ಮಲ್ಲಿ ಅನೇಕರ ಮನೆಯ ಅನ್ನ ಹೋಟೇಲಿನಿಂದ ಬಂದದ್ದು. ಊರಿಗೆ ಹೋದಾಗ ಯಾರಾದರೂ ವಿಚಾರಿಸಿದರೆ ‘ಅಪ್ಪನಿಗೆ ಮುಂಬಯಿಯಲ್ಲಿ ಹೋಟೇಲು’ ಎಂದಷ್ಟೇ ಹೇಳುವುದು ನಮ್ಮವರ ವಾಡಿಕೆ. ಬೋರ್ಡಿನ ಮೇಲೆ ‘ಬಾರ್ ಆ್ಯಂಡ್ ರೆಸ್ಟೋರೆಂಟ್’ ಎಂದೂ ಅದರಡಿಯಲ್ಲಿ ‘ಪರ್ಮಿಟ್ ರೂಮ್’ ಎಂದೂ ಬರೆದಿರುವುದನ್ನು ಹೇಳಿದವರೂ ಬಲ್ಲರು, ಕೇಳಿದವರೂ ಬಲ್ಲರು. ಆ ದುಡಿಮೆಯಿಂದಲೇ ನಿಮ್ಮ ಶಾಲೆಯ ಫೀಸು, ಕಾಲೇಜಿನ ಸೀಟು, ಅಕ್ಕನ ಮದುವೆ, ಊರಿನ ದೈವಸ್ಥಾನದ ಜೀರ್ಣೋದ್ಧಾರ ಎಲ್ಲವೂ ನಡೆದಿದೆ. ಈಗ ಅಪ್ಪನಿಗೆ ಅರುವತ್ತು ದಾಟಿತು. ‘ಇನ್ನು ಮಗ ಗಲ್ಲಾದಲ್ಲಿ ಕೂರಲಿ’ ಎಂಬ ಮಾತು ಮನೆಯಲ್ಲಿ ಎದ್ದಿದೆ. (ಮಗಳು ಕೂತರೂ ಚೆನ್ನವೇ; ಲೆಕ್ಕ ಇನ್ನೂ ಸರಿಯಾಗಿ ಇದ್ದೀತು.) ಹಾಗೆ ಕೂರುವ ಮೊದಲು, ಗಲ್ಲಾದ ಹಿಂದೆ ದೇವರ ಪಟದ ಪಕ್ಕದಲ್ಲಿ ತೂಗಿಹಾಕಿದ ಆ ಲೈಸೆನ್ಸನ್ನು ಒಮ್ಮೆ ಇಳಿಸಿ ಓದಿಕೊಳ್ಳಿ ಎಂದು ಹೇಳುವುದಕ್ಕಾಗಿಯೇ ಈ ಬರಹ.

ಅದಕ್ಕೆ ಎಫ್.ಎಲ್. 3 ಎಂದು ಹೆಸರು. ವೈನ್ ಶಾಪಿಗೆ ಎಫ್.ಎಲ್. 2, ಕ್ಲಬ್ಬಿಗೆ ಎಫ್.ಎಲ್. 4, ದೇಶಿ ಸಾರಾಯಿಯ ಬಾರಿಗೆ ಸಿ.ಎಲ್. 3. ಇವೆಲ್ಲದರ ಮೂಲ ಕಾಯಿದೆ ಯಾವುದೆಂದು ಕೇಳಿದರೆ ನಿಮಗೆ ನಗು ಬಂದೀತು. ಮದ್ಯಮಾರಾಟದ ಕಾಯಿದೆಯಲ್ಲ, ಪಾನನಿರೋಧದ ಕಾಯಿದೆ! 1949ರ ಮುಂಬಯಿ ಪಾನನಿರೋಧ ಕಾಯಿದೆ ಈಗ ಮಹಾರಾಷ್ಟ್ರ ಪಾನನಿರೋಧ ಕಾಯಿದೆ ಎಂದು ಹೆಸರು ಬದಲಿಸಿಕೊಂಡಿದೆಯೇ ಹೊರತು ರದ್ದಾಗಿಲ್ಲ. ಮುಂಬಯಿ ನಗರದಲ್ಲಿ ಮೊದಲ ಬಾರಿ 1939ರ ಆಗಸ್ಟ್ ಒಂದರಂದು ಪಾನನಿರೋಧ ಬಂದಿತ್ತು, ಬಹುಕಾಲ ನಿಲ್ಲಲಿಲ್ಲ. ಸ್ವಾತಂತ್ರ್ಯಾನಂತರ ಮೊರಾರ್ಜಿ ದೇಸಾಯಿಯವರು ಗೃಹಮಂತ್ರಿಗಳಾಗಿದ್ದ ಕಾಲದಲ್ಲಿ, 1950ರಲ್ಲಿ, ಪ್ರಾಂತವೆಲ್ಲ ಸಂಪೂರ್ಣವಾಗಿ ‘ಒಣ’ಗಿತು. 1960ರಲ್ಲಿ ಗುಜರಾತ್ ಬೇರೆಯಾದಾಗ ಎರಡೂ ರಾಜ್ಯಗಳು ಇದೇ ಕಾಯಿದೆಯನ್ನು ಜೊತೆಗೆ ಕೊಂಡೊಯ್ದವು. ಗುಜರಾತ್ ಅದನ್ನು ಬಿಗಿಯಾಗಿ ಹಿಡಿಯಿತು. ಮಹಾರಾಷ್ಟ್ರ 60ರ ದಶಕದಿಂದ ಸಡಿಲಿಸುತ್ತ ಬಂತು. ಒಂದೇ ಕಾಯಿದೆಯ ಅಡಿಯಲ್ಲಿ ಅಹಮದಾಬಾದಿನಲ್ಲಿ ಬಾಟ್ಲಿ ಇಟ್ಟುಕೊಂಡವನು ಠಾಣೆಗೆ ಹೋಗುತ್ತಾನೆ, ಅಂಧೇರಿಯಲ್ಲಿ ಲೈಸೆನ್ಸು ಇದ್ದವನು ವ್ಯಾಪಾರ ಮಾಡುತ್ತಾನೆ.

ಸಡಿಲಿಸಿದ್ದು ಹೇಗೆ? ಕುಡಿಯುವವನಿಗೆ ಪರ್ಮಿಟ್ ಕೊಟ್ಟು. ‘ಆರೋಗ್ಯ ಕಾಪಾಡಿಕೊಳ್ಳುವ ಸಲುವಾಗಿ’ ಇಂಥವನು ವಿದೇಶೀ ಮದ್ಯ ಕೊಂಡು ಸೇವಿಸಬಹುದು ಎಂಬ ಚೀಟಿ ಅದು. ಒಂದು ದಿನಕ್ಕೆ 5 ರೂಪಾಯಿ, ಒಂದು ವರ್ಷಕ್ಕೆ 100, ಜೀವನಪರ್ಯಂತಕ್ಕೆ 1,000. ಪರ್ಮಿಟ್ ಇದ್ದವನು ಕೂತು ಕುಡಿಯುವ ಕೋಣೆಯೇ ಪರ್ಮಿಟ್ ರೂಮು. ಇಂದಿಗೂ ನಿಯಮ ಅದೇ. ಟೇಬಲ್ಲಿಗೆ ಗ್ಲಾಸು ಇಡುವ ಮುನ್ನ ಗಿರಾಕಿಯ ಬಳಿ ಪರ್ಮಿಟ್ ಇರಬೇಕು, ಇಲ್ಲದಿದ್ದರೆ ದಿನದ ಪರ್ಮಿಟ್ ಹರಿದು ಕೊಡಬೇಕು. ಎಷ್ಟು ಕಡೆ ಇದು ನಡೆಯುತ್ತದೆ ಎಂದು ನೀವೇ ಯಾವುದಾದರೂ ಶನಿವಾರ ರಾತ್ರಿ ನೋಡಿ ಬನ್ನಿ. ಇದು ಶುದ್ಧ ಬೂಟಾಟಿಕೆಯ ನಿಯಮ ಎಂದು ನನ್ನ ಅಭಿಪ್ರಾಯ. ಆದರೆ ನನ್ನ ಅಭಿಪ್ರಾಯವಾಗಲಿ ನಿಮ್ಮದಾಗಲಿ ಇನ್‌ಸ್ಪೆಕ್ಟರರ ರಿಪೋರ್ಟಿನಲ್ಲಿ ಬರುವುದಿಲ್ಲ. ಎಲ್ಲರೂ ಮರೆತ ನಿಯಮ ಬೇಕಾದವರ ಕೈಗೆ ಬೇಕಾದಾಗ ಸಿಗುವ ಕೋಲು, ಅಷ್ಟೇ.

ಇಲ್ಲಿ ಒಂದು ಸೂಕ್ಷ್ಮವಿದೆ, ನಮ್ಮ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊರಿನ ಗದ್ದೆ, ಬೊರಿವಲಿಯ ಫ್ಲ್ಯಾಟು, ಬ್ಯಾಂಕಿನ ಠೇವಣಿಗಳ ಸಾಲಿನಲ್ಲಿ ಬಾರಿನ ಲೈಸೆನ್ಸನ್ನೂ ಆಸ್ತಿಯೆಂದೇ ಎಣಿಸುತ್ತೇವೆ. ಮದುವೆ ಮಾತುಕತೆಯಲ್ಲಿ ಅದಕ್ಕೊಂದು ಬೆಲೆಯೂ ಇದೆ. ಕಾನೂನಿನ ಕಣ್ಣಿನಲ್ಲಿ ಅದು ಆ ಅರ್ಥದ ಆಸ್ತಿಯಲ್ಲ. ಮದ್ಯ ಮಾರುವ ಹಕ್ಕು ಸಂಪೂರ್ಣವಾಗಿ ಸರಕಾರದ್ದು. ತನ್ನ ಹಕ್ಕಿನಲ್ಲಿ ಒಂದು ತುಣುಕನ್ನು ಫೀಸು ಪಡೆದು, ಷರತ್ತು ಹಾಕಿ, ಒಂದು ವರ್ಷಕ್ಕೆ ನಿಮ್ಮ ತಂದೆಗೆ ಕೊಟ್ಟಿದೆ. ಬೆಂಗಳೂರಿನ ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1994ರಲ್ಲಿ ಇದನ್ನು ಖಚಿತಪಡಿಸಿತು. ಮದ್ಯದ ವ್ಯಾಪಾರ ಮಾಡುವುದು ಪ್ರಜೆಯ ಮೂಲಭೂತ ಹಕ್ಕಲ್ಲ, ಸರಕಾರ ಬೇಕೆಂದರೆ ಅದನ್ನು ಪೂರ್ತಿ ನಿಲ್ಲಿಸಬಹುದು, ತಾನೊಬ್ಬನೇ ನಡೆಸಲೂಬಹುದು. ಒಮ್ಮೆ ಇತರರಿಗೆ ಬಿಟ್ಟುಕೊಟ್ಟರೆ ಮಾತ್ರ ಅರ್ಹರ ನಡುವೆ ತಾರತಮ್ಯ ಮಾಡುವಂತಿಲ್ಲ. ಇಡ್ಲಿ ಮಾರುವವನಿಗೆ ಇರುವ ಬಲ ಬಿಯರ್ ಮಾರುವವನಿಗೆ ಇಲ್ಲ ಎಂದು ಸರಳವಾಗಿ ಹೇಳಬಹುದು.

ಇದು ಪುಸ್ತಕದ ಮಾತಲ್ಲವೆಂದು 2017ರಲ್ಲಿ ನಮ್ಮವರಿಗೆ ಅರಿವಾಯಿತು. ಹೆದ್ದಾರಿಯ ಅಂಚಿನಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತ್ತು. 2017ರ ಏಪ್ರಿಲ್ ಒಂದರ ಬೆಳಗ್ಗೆ ಹೆದ್ದಾರಿಗಳ ಬದಿಯ ಪರ್ಮಿಟ್ ರೂಮುಗಳು ಬಾಗಿಲು ಮುಚ್ಚಿದವು. ಇಪ್ಪತ್ತು, ಮೂವತ್ತು ವರ್ಷಗಳ ವ್ಯಾಪಾರ ಎಂಬ ವಾದಕ್ಕೆ ಬೆಲೆಯಿರಲಿಲ್ಲ. ಅದೇ ಜುಲೈಯಲ್ಲಿ, ನಗರಪಾಲಿಕೆಯ ಗಡಿಯೊಳಗಿನ ಅಂಗಡಿಗಳಿಗೆ ಈ ಆದೇಶ ಅಡ್ಡಿಯಲ್ಲವೆಂದು ಕೋರ್ಟು ಸ್ಪಷ್ಟಪಡಿಸಿದ ಮೇಲೆ ನಗರದೊಳಗಿನವರು ಉಸಿರಾಡಿದರು. ಆ ನಡುವಿನ ತಿಂಗಳುಗಳ ಬಾಡಿಗೆ, ಹುಡುಗರ ಸಂಬಳಗಳನ್ನು ಯಾರೂ ತುಂಬಿಕೊಡಲಿಲ್ಲ.

ಇನ್ನು ಷರತ್ತುಗಳು. ಮಾಲು ಲೈಸೆನ್ಸು ಪಡೆದ ಸಗಟು ವ್ಯಾಪಾರಿಯಿಂದಲೇ ಬರಬೇಕು, ಜೊತೆಗೆ ಸಾಗಾಟದ ಪಾಸು ಇರಬೇಕು, ಹುಡುಗರು ‘ಟಿ.ಪಿ.’ ಎನ್ನುವುದು ಅದಕ್ಕೇ. ಎಷ್ಟು ಬಾಟ್ಲಿ ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದನ್ನು ಬ್ರ್ಯಾಂಡ್ ಪ್ರಕಾರ ದಿನವೂ ರಿಜಿಸ್ಟರಿನಲ್ಲಿ ಬರೆಯಬೇಕು. ಪೆಗ್ಗಿನ ಅಳತೆ, 30 ಮಿ.ಲೀ. ಆಗಲಿ 60 ಆಗಲಿ, ಮುದ್ರೆ ಬಿದ್ದದ್ದೇ ಇರಬೇಕು. ಮದ್ಯ ಬಡಿಸುವ ಹುಡುಗರ ಹೆಸರು ಅಬಕಾರಿ ಇಲಾಖೆ ಮಂಜೂರು ಮಾಡಿದ ನೋಕರ್‌ನಾಮಾದಲ್ಲಿ ಇರಬೇಕು. ನಿನ್ನೆ ರಾತ್ರಿ ಊರಿನಿಂದ ಬಂದಿಳಿದ ಸೋದರಳಿಯನನ್ನು ಇವತ್ತು ಸಂಜೆಯೇ ಟ್ರೇ ಕೊಟ್ಟು ಕಳುಹಿಸುವ ನಮ್ಮ ಹಳೆಯ ಪದ್ಧತಿ ಇಲ್ಲಿ ನಡೆಯದು. ಜನವರಿ 26, ಆಗಸ್ಟ್ 15, ಅಕ್ಟೋಬರ್ 2ರಂದು ಮಾರಾಟವಿಲ್ಲ. ಚುನಾವಣೆ ಬಂದರೆ ಮತದಾನ ಮುಗಿಯುವ ಮುಂಚಿನ 48 ತಾಸು ಬಂದ್. ಕಲೆಕ್ಟರರು ಆದೇಶಿಸಿದ ಬೇರೆ ದಿನಗಳೂ ಇವೆ. ಮುಂಬಯಿಯಲ್ಲಿ ರಾತ್ರಿ ಒಂದೂವರೆಗೆ ಕೊನೆ. ರಾತ್ರಿಯಿಡೀ ಅಂಗಡಿ, ಹೋಟೇಲು ತೆರೆದಿಡಬಹುದೆಂದು 2020ರಲ್ಲಿ ಸರಕಾರ ಸಾರಿದಾಗಲೂ ಮದ್ಯಕ್ಕೆ ಆ ಸವಲತ್ತು ಸಿಗಲಿಲ್ಲ.

ಇವೆಲ್ಲ ಅನುಭವಸ್ಥ ಮ್ಯಾನೇಜರರಿಗೆ ನೀರು ಕುಡಿದಷ್ಟು ಸುಲಭ. ಕಷ್ಟವಿರುವುದು ವಯಸ್ಸಿನ ಷರತ್ತಿನಲ್ಲಿ. ಮಹಾರಾಷ್ಟ್ರದಲ್ಲಿ ಬಿಯರಿಗೆ 21 ತುಂಬಿರಬೇಕು, ವಿಸ್ಕಿ, ರಮ್ಮಿನಂಥ ಕಡು ಮದ್ಯಕ್ಕೆ 25. ವೋಟಿಗೆ 18, ಮದುವೆಗೆ ಗಂಡಿಗೆ 21, ವಿಸ್ಕಿಗೆ 25 ಎಂದರೆ ಏನರ್ಥವೆಂದು ನಿಮ್ಮಲ್ಲಿ ಕೆಲವರು ಕೇಳಿಯಾರು. ಕೇಳುವುದು ತಪ್ಪಲ್ಲ. ಆದರೆ ಪ್ರಶ್ನೆ ಕೇಳುವ ಜಾಗ ವಿಧಾನಸಭೆ, ಕೋರ್ಟು, ಬಾರಿನ ಟೇಬಲಲ್ಲ. ಆರು ಮಂದಿ ಗೆಳೆಯರು ಬರುತ್ತಾರೆ, ಒಬ್ಬನ ಹುಟ್ಟುಹಬ್ಬ. ಇಬ್ಬರಿಗೆ 26, ಮೂವರಿಗೆ 23, ಒಬ್ಬನ ಮುಖದಲ್ಲಿ ಇನ್ನೂ ಸರಿಯಾಗಿ ಮೀಸೆ ಮೂಡಿಲ್ಲ. ಆರ್ಡರ್ ಕೊಡುವವನು ಹಿರಿಯವನು. ವೇಟರ್ ಕಾರ್ಡು ಕೇಳಿದರೆ ‘ಏ, ನಮ್ಮನ್ನು ಏನೆಂದುಕೊಂಡೆ? ನಿನ್ನ ಸೇಟ್ ನಮಗೆ ಗೊತ್ತು’ ಎಂಬ ಗದರಿಕೆ. ಬಿಲ್ಲು ಎಂಟು, ಹತ್ತು ಸಾವಿರದ್ದು. ಆ ಗಳಿಗೆಯಲ್ಲಿ ‘ಇಲ್ಲ’ ಎನ್ನಲು ವೇಟರನಿಗೆ ಧೈರ್ಯ ಬರಬೇಕಾದರೆ ಗಲ್ಲಾದಲ್ಲಿ ಕೂತವರು ಅವನ ಬೆನ್ನಿಗಿರಬೇಕು.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ನಡೆದದ್ದನ್ನು ನೀವು ಮರೆತಿರಲಾರಿರಿ. ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಬಡಿದು ಇಬ್ಬರು ಯುವ ಇಂಜಿನಿಯರರು ಪ್ರಾಣ ಬಿಟ್ಟರು. ಅವರು ನಿಮ್ಮ ವಯಸ್ಸಿನವರು. ಬೇರೆ ಊರಿನಿಂದ ಕೆಲಸಕ್ಕಾಗಿ ಬಂದವರು, ನಿಮ್ಮ ತಂದೆ ಒಮ್ಮೆ ಬಂದ ಹಾಗೆ. ಅದಕ್ಕೂ ಮುಂಚೆ ಆ ಹುಡುಗನ ಗುಂಪಿಗೆ ಎರಡು ಕಡೆ ಮದ್ಯ ಬಡಿಸಲಾಗಿತ್ತೆಂಬ ಆರೋಪದ ಮೇಲೆ ಬಾರಿಗೆ ಸಂಬಂಧಪಟ್ಟ ಮಾಲೀಕರನ್ನೂ ಮ್ಯಾನೇಜರರನ್ನೂ ಪೋಲೀಸರು ಬಂಧಿಸಿದರು, ಎರಡೂ ಜಾಗಕ್ಕೆ ಅಬಕಾರಿಯವರು ಸೀಲು ಹಾಕಿದರು. 18 ತುಂಬದವರಿಗೆ ಮದ್ಯ ಕೊಡುವುದಕ್ಕೆ ಅಬಕಾರಿ ದಂಡ ಮಾತ್ರವಲ್ಲ, ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ ಏಳು ವರ್ಷದವರೆಗೆ ಸೆರೆವಾಸವಿದೆ, ಒಂದು ಲಕ್ಷದವರೆಗೆ ದಂಡವಿದೆ. ಅದೇ ವರ್ಷ ಜುಲೈ 7ರಂದು ಮುಂಬಯಿಯ ವರ್ಲಿಯಲ್ಲಿ ಬಿ.ಎಂ.ಡಬ್ಲ್ಯೂ. ಕಾರು ಸ್ಕೂಟರಿಗೆ ಬಡಿದು ಗಂಡನ ಜೊತೆ ಹೋಗುತ್ತಿದ್ದ ಹೆಂಗಸು ತೀರಿಕೊಂಡರು. ಆರೋಪಿ ಹಿಂದಿನ ರಾತ್ರಿ ಕೂತಿದ್ದ ಜುಹುವಿನ ಬಾರಿಗೂ ಸೀಲು ಬಿತ್ತು. ಕಾರಣ, ಅವನಿಗೆ 25 ತುಂಬಿರಲಿಲ್ಲ, ಆದರೂ ಕಡು ಮದ್ಯ ಬಡಿಸಲಾಗಿತ್ತು ಎಂದು ಅಬಕಾರಿ ಇಲಾಖೆ ಹೇಳಿತು. ಯಾರಿಗೂ ಕಾಣದೆ ಮಲಗಿದ್ದ 25ರ ನಿಯಮ ಒಂದು ಸಾವಿನ ಬೆನ್ನಿಗೆ ಎದ್ದು ಬಂತು.

ಲೈಸೆನ್ಸಿನ ಜೊತೆಗೆ ಒಂದು ನಕ್ಷೆಯೂ ಮಂಜೂರಾಗಿರುತ್ತದೆ. ಆ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಷ್ಟೇ ಬಡಿಸಬಹುದು. ಗಿರಾಕಿ ಹೆಚ್ಚಾದರೆಂದು ಗ್ಯಾಲರಿಗೆ, ಟೆರೇಸಿಗೆ, ಹಿಂಬದಿಯ ಓಣಿಗೆ ಟೇಬಲ್ಲು ಹಾಕಿದರೆ ಷರತ್ತು ಮುರಿದಂತೆ. ಇದು ಬರಿಯ ಕಾಗದದ ತಕರಾರು ಎಂದು ತಿಳಿದವರು 2017ರ ಡಿಸೆಂಬರ್ 29ರ ರಾತ್ರಿಯನ್ನು ನೆನೆಯಬೇಕು. ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದಲ್ಲಿ ಮಾಳಿಗೆಯ ಮೇಲಿನ ಪಬ್ಬಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ಹುಟ್ಟುಹಬ್ಬ ಆಚರಿಸಲು ಬಂದ ಹುಡುಗಿಯೂ ಅವರಲ್ಲಿ ಒಬ್ಬಳು. ಅಗ್ನಿಶಾಮಕ ದಳದ ಪತ್ರ, ಪಾಲಿಕೆಯ ಆರೋಗ್ಯ ಪರವಾನಗಿ, ಹೊರಹೋಗುವ ದಾರಿಯಲ್ಲಿ ಖಾಲಿ ಕ್ರೇಟು ಪೇರಿಸದಿರುವುದು, ಇವು ಅಬಕಾರಿಯ ಕಾಗದಕ್ಕಿಂತ ಕಡಿಮೆಯವಲ್ಲ. ನೀವು ಗಿರಾಕಿಯಾಗಿ ಹೋದರೂ ಕೂರುವ ಮೊದಲು ಎರಡನೆಯ ಬಾಗಿಲು ಎಲ್ಲಿದೆಯೆಂದು ನೋಡಿಕೊಳ್ಳಿ.

ಲಾಭದ ಮಾತನ್ನೂ ಆಡಬೇಕು, ಏಕೆಂದರೆ ಅಪ್ಪನ ಕಾಲದ ಲೆಕ್ಕ ಈಗಿಲ್ಲ. 2023ರ ನವೆಂಬರಿನಲ್ಲಿ ಪರ್ಮಿಟ್ ರೂಮಿನ ಮದ್ಯದ ಮೇಲಿನ ವ್ಯಾಟ್ ಶೇಕಡಾ 5ರಿಂದ 10ಕ್ಕೆ ಏರಿತು. 2025ರಲ್ಲಿ ಲೈಸೆನ್ಸು ಫೀಸು ಶೇಕಡಾ 15ರಷ್ಟು ಹೆಚ್ಚಿತು, ಜೂನಿನಲ್ಲಿ ಅಬಕಾರಿ ಸುಂಕವೂ ಮೇಲೇರಿತು. ಹೋಟೇಲಿಗರ ಸಂಘಟನೆ ‘ಆಹಾರ್’ ಕರೆಕೊಟ್ಟು ಆ ವರ್ಷ ಜುಲೈ 14ರಂದು ಬಾರುಗಳು ಒಂದು ದಿನ ಮುಚ್ಚಿದ್ದವು. ಫೀಸು ವರ್ಷಕ್ಕೊಮ್ಮೆ, ಮುಂಗಡವಾಗಿ. ವ್ಯಾಪಾರ ಆದರೂ ಆಗದಿದ್ದರೂ.

ಬೇರೆ ನಗರಗಳ ಬಂಧುಗಳೊಡನೆ ಹೋಲಿಸಿ ಗೊಂದಲ ಮಾಡಿಕೊಳ್ಳಬೇಡಿ. ಮದ್ಯ ರಾಜ್ಯದ ವಿಷಯ, ರಾಜ್ಯಕ್ಕೊಂದು ರೀತಿ. ಊರಿನ ಬಾರಿನದು ಸಿ.ಎಲ್. 9, ಅದರ ವರ್ಷ ಜುಲೈಯಿಂದ ಜೂನ್. ನಮ್ಮದು ಏಪ್ರಿಲಿನಿಂದ ಮಾರ್ಚ್. ತಮಿಳುನಾಡಿನಲ್ಲಿ 2003ರಿಂದ ಚಿಲ್ಲರೆ ಮಾರಾಟವೆಲ್ಲ ಸರಕಾರದ ಟಾಸ್ಮಾಕಿನದು. ದೆಹಲಿಯಲ್ಲಿ ಮದ್ಯ ಬಡಿಸುವ ಕಡೆ ಹೆಂಗಸರು ಕೆಲಸ ಮಾಡಬಾರದೆಂಬ 1914ರ ಪಂಜಾಬ್ ಕಾಯಿದೆಯ ನಿಯಮ ಸುಪ್ರೀಂ ಕೋರ್ಟಿನಲ್ಲಿ ಕೊನೆಯದಾಗಿ ಬಿದ್ದದ್ದು 2007ರಲ್ಲಿ.

ಕೊನೆಗೆ ಉಳಿದದ್ದು ‘ಕಂಡಕ್ಟಿಂಗ್’. ಅಪ್ಪನಿಗೆ ದಣಿವಾಯಿತು, ಮಕ್ಕಳು ಕಂಪ್ಯೂಟರ್ ಕಲಿತು ಬೇರೆ ದಾರಿ ಹಿಡಿದರು, ಬಾರನ್ನು ಮಾಸಿಕ ಇಂತಿಷ್ಟೆಂದು ಇನ್ನೊಬ್ಬರಿಗೆ ನಡೆಸಲು ಕೊಟ್ಟಾಯಿತು. ಪರಿಚಯದವರೇ, ಊರಿನ ಕಡೆಯವರೇ. ಮಾತು ಬಾಯಲ್ಲೇ ಮುಗಿಯಿತು. ತಿಂಗಳ ಮೊದಲ ವಾರ ದುಡ್ಡು ಬರುತ್ತದೆ, ಮತ್ತೇನನ್ನೂ ಕೇಳುವುದಿಲ್ಲ. ಆದರೆ ಇಲಾಖೆಯ ಅನುಮತಿಯಿಲ್ಲದೆ ಲೈಸೆನ್ಸನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಕಾಗದದಲ್ಲಿ ಯಾರ ಹೆಸರಿದೆಯೋ ನೋಟೀಸು ಅವರಿಗೇ ಬರುತ್ತದೆ. ರಿಜಿಸ್ಟರಿನಲ್ಲಿ ಬಾಟ್ಲಿ ಕಡಿಮೆಯಾದರೂ, ಟೇಬಲ್ಲಿನಲ್ಲಿ ಕಾಲೇಜು ಹುಡುಗ ಸಿಕ್ಕಿದರೂ ಕಲೆಕ್ಟರರ ಮುಂದೆ ನಿಲ್ಲಬೇಕಾದವರು ಮಂಗಳೂರಿನಲ್ಲಿ ಮೊಮ್ಮಗುವನ್ನು ಆಡಿಸುತ್ತಿರುವ ನಿಮ್ಮ ತಂದೆ.

ಪಾಲುದಾರಿಕೆಯ ಬಾರುಗಳಲ್ಲಿ ಇನ್ನೊಂದು ತೊಡಕಿದೆ. ಪಾಲುದಾರರಲ್ಲಿ ಒಬ್ಬರು ತೀರಿಕೊಂಡಿರುತ್ತಾರೆ, ಉತ್ತರಕ್ರಿಯೆ ಊರಿನಲ್ಲಿ ವಿಜೃಂಭಣೆಯಿಂದ ನಡೆದಿರುತ್ತದೆ, ಲೈಸೆನ್ಸಿನಲ್ಲಿ ಮಾತ್ರ ಅವರು ಇನ್ನೂ ಬದುಕಿರುತ್ತಾರೆ. ವಾರಸುದಾರರ ಹೆಸರು ಸೇರಿಸುವುದಕ್ಕೆ ಅರ್ಜಿಯಿದೆ, ಫೀಸಿದೆ, ಎಲ್ಲ ಪಾಲುದಾರರ ಸಹಿ ಬೇಕು. ಹಿರಿಯರ ನಡುವೆ ಮಾತುಕತೆ ಇರುವಾಗಲೇ ಆ ಸಹಿಗಳು ಸುಲಭ. ಅವರ ಮಕ್ಕಳ ಕಾಲಕ್ಕೆ ಒಬ್ಬ ದುಬೈಯಲ್ಲಿ, ಒಬ್ಬಳು ಅಮೆರಿಕದಲ್ಲಿ. ಮುಂದಿನ ನವೀಕರಣ ಮಾರ್ಚ್ 31ರೊಳಗೆ ಆಗಬೇಕು. ಈ ಭಾನುವಾರ ಊಟದ ಹೊತ್ತಿಗೆ ಅಪ್ಪನನ್ನು ಕೇಳಿ, ಕಪಾಟಿನಿಂದ ಪಾಲುದಾರಿಕೆಯ ಪತ್ರ, ನಕ್ಷೆ, ನೋಕರ್‌ನಾಮಾ ಮೂರನ್ನೂ ಹೊರಗೆ ತೆಗೆಸಿ, ಯಾರ ಯಾರ ಹೆಸರು ಇದೆಯೆಂದು ನೋಡಿ.