ಟ್ರೇಲರಿನಲ್ಲಿ ಮೋಟಾರು ಸೈಕಲ್ ಸಾಗಿಸುವ ಸುರಕ್ಷಿತ ಕ್ರಮ

ಕೆಟ್ಟು ನಿಂತ ಮೋಟಾರು ಸೈಕಲನ್ನು ಪೇಟೆಯ ರಿಪೇರಿ ಅಂಗಡಿಗೆ ಒಯ್ಯಲು ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಟ್ರೇಲರೇ ಕೈಗೆ ಸಿಗುವ ಸಾಧನ. ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಒಂದು ಹಗ್ಗ ಸುತ್ತಿ, ಬೀಳದಂತೆ ಹಿಡಿದುಕೊಳ್ಳಲು ಇಬ್ಬರು ಹುಡುಗರನ್ನು ಪಕ್ಕದಲ್ಲಿ ಕೂರಿಸುವುದು ಅನೇಕ ಕಡೆ ರೂಢಿ. ಅಪಾಯದ ಮೂಲ ಈ ರೂಢಿಯೇ. ಬೈಕನ್ನು ಹಿಡಿಯಬೇಕಾದುದು ಹಗ್ಗವೇ ಹೊರತು ಮನುಷ್ಯನಲ್ಲ.

ಸಾಧಾರಣ 100 ಸಿ.ಸಿ. ಬೈಕಿನ ತೂಕ ಸುಮಾರು 110 ಕಿಲೋಗ್ರಾಂ. ಟ್ರೇಲರಿನ ಒಂದು ಚಕ್ರ ಗುಂಡಿಗೆ ಇಳಿದರೆ ಈ ತೂಕವೆಲ್ಲ ಒಮ್ಮೆಲೇ ಒಂದು ಪಕ್ಕಕ್ಕೆ ವಾಲುತ್ತದೆ. ಕ್ವಿಂಟಾಲಿಗೂ ಮೀರಿದ ಭಾರ ಮೈಮೇಲೆ ಬರುವಾಗ ಹಿಡಿದು ಕುಳಿತವನಿಗೆ ಸರಿಯಲೂ ಸ್ಥಳವಿರುವುದಿಲ್ಲ.

ಏರಿಸುವ ಕ್ರಮ

ಎರಡು ಚಕ್ರದ ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸಿದ ಮೇಲೆಯೇ ಬೈಕನ್ನು ಏರಿಸಬೇಕು. ಬಿಡಿ ಟ್ರೇಲರಿನ ಹಿಂತುದಿಗೆ ಭಾರ ಬಿದ್ದರೆ, ಹಿಂಭಾರವಾದ ಎತ್ತಿನ ಗಾಡಿಯಂತೆ ಮೂಕಿ ಮೇಲೇಳುತ್ತದೆ. ಟ್ರ್ಯಾಕ್ಟರಿನ ಬ್ರೇಕು ಹಾಕಿ, ಚಕ್ರಗಳಿಗೆ ಕಲ್ಲು ಕೊಡಬೇಕು.

ಟ್ರೇಲರಿನ ಹಾಸು ನೆಲದಿಂದ ಸುಮಾರು 1 ಮೀಟರು ಎತ್ತರವಿರುತ್ತದೆ. ಟ್ರೇಲರಿನ ಹಿಂಬದಿಯನ್ನು ಎತ್ತರದ ಬದುವಿಗೋ ದಿಬ್ಬಕ್ಕೋ ತಾಗಿಸಿ ನಿಲ್ಲಿಸಿದರೆ ಅರ್ಧ ಶ್ರಮ ಉಳಿಯುತ್ತದೆ. ದಿಬ್ಬವಿಲ್ಲದಿದ್ದರೆ ಕನಿಷ್ಠ 3 ಮೀಟರು ಉದ್ದದ ಗಟ್ಟಿ ಹಲಗೆ ಬೇಕು. ಹಲಗೆ ಗಿಡ್ಡದಾದಷ್ಟೂ ಏರು ಕಡಿದಾಗುತ್ತದೆ. ಹಲಗೆ ಜಾರದಂತೆ ಅದರ ಮೇಲ್ತುದಿಯನ್ನು ಟ್ರೇಲರಿಗೆ ಕಟ್ಟಬೇಕು. ನಡೆಯುವವರಿಗಾಗಿ ಪಕ್ಕದಲ್ಲಿ ಇನ್ನೊಂದು ಹಲಗೆ ಇಡಬೇಕು. ಎಂಜಿನ್ ಆರಿಸಿ, ಒಬ್ಬನು ಹ್ಯಾಂಡಲನ್ನೂ ಮುಂದಿನ ಬ್ರೇಕನ್ನೂ ಹಿಡಿದು ನಡೆಸಬೇಕು; ಇನ್ನೊಬ್ಬನು ಅದೇ ಪಕ್ಕದಿಂದ ಹಿಂಬದಿಯನ್ನು ತಳ್ಳಬೇಕು. ಬೈಕಿನ ನೇರ ಹಿಂದೆ ಯಾರೂ ನಿಲ್ಲಬಾರದು.

ಕಟ್ಟುವ ಕ್ರಮ

ಮುಂದಿನ ಚಕ್ರ ಟ್ರೇಲರಿನ ಮುಂಭಾಗದ ತಡೆಗೆ ನೇರವಾಗಿ ಒತ್ತಿಕೊಳ್ಳುವಂತೆ ಬೈಕನ್ನು ನಡುವೆ ನಿಲ್ಲಿಸಿ, ಮೊದಲನೆಯ ಗೇರಿನಲ್ಲಿಡಬೇಕು. ಆಗ ಬ್ರೇಕು ಹಾಕಿದರೂ ಅದು ಮುಂದಕ್ಕೆ ನುಗ್ಗುವುದಿಲ್ಲ. ಬೈಕು ತನ್ನ ಎರಡು ಚಕ್ರಗಳ ಮೇಲೆಯೇ ನಿಂತಿರಬೇಕು. ಕುಲುಕಾಟಕ್ಕೆ ಸ್ಟ್ಯಾಂಡು ಬಾಗುತ್ತದೆ, ಇಲ್ಲವೇ ಜಾರುತ್ತದೆ. ಬೈಕನ್ನು ಮಲಗಿಸಿ ಒಯ್ದರೆ ಪೆಟ್ರೋಲು ಸೋರಿ ಬೆಂಕಿಯ ಭಯವಿರುತ್ತದೆ.

ನಾಲ್ಕು ಮೂಲೆಗಳಿಗೆ ನಾಲ್ಕು ಹಗ್ಗ ಅಗತ್ಯ. ಮುಂದಿನ ಎರಡನ್ನು ಹ್ಯಾಂಡಲಿನ ಕೆಳಗೆ ಫೋರ್ಕುಗಳನ್ನು ಕೂಡಿಸುವ ಗಟ್ಟಿ ಭಾಗಕ್ಕೆ ಹಾಕಿ, ಕೆಳಕ್ಕೂ ಹೊರಕ್ಕೂ ಎಳೆದು ಟ್ರೇಲರಿನ ಕೊಂಡಿಗಳಿಗೆ ಬಿಗಿಯಬೇಕು. ಮುಂದಿನ ಶಾಕ್ ಅಬ್ಸಾರ್ಬರ್ ಎರಡು ಮೂರು ಬೆರಳಷ್ಟು ಕೆಳಗೆ ಕುಗ್ಗುವವರೆಗೆ ಬಿಗಿಯುವುದು ಮುಖ್ಯ. ಹೀಗೆ ಮಾಡದಿದ್ದರೆ ಗುಂಡಿಯಲ್ಲಿ ಬೈಕು ಕುಗ್ಗಿದಾಗ ಹಗ್ಗ ಸಡಿಲವಾಗಿ ಕೊಂಡಿ ಕಳಚಬಹುದು. ಮೊದಲೇ ಕುಗ್ಗಿದ ಸ್ಪ್ರಿಂಗು ಹಗ್ಗವನ್ನು ಸದಾ ಎಳೆದು ಹಿಡಿದಿರುತ್ತದೆ. ಹಿಂದಿನ ಎರಡು ಹಗ್ಗಗಳನ್ನು ಸೀಟಿನ ಕೆಳಗಿನ ಚಾಸಿಗೆ ಕಟ್ಟಬೇಕು. ಕನ್ನಡಿ, ಇಂಡಿಕೇಟರುಗಳಿಗೆ ಕಟ್ಟಬಾರದು. ನೈಲಾನ್ ಹಗ್ಗ ಬಿಸಿ ಸೈಲೆನ್ಸರಿಗೆ ತಾಗಿದರೆ ಕರಗುತ್ತದೆ. ಹಗ್ಗ ಉಜ್ಜುವ ಕಡೆ ಗೋಣಿತಾಟು ಸುತ್ತಬೇಕು. ಬಿಗಿಯುವ ಹಲ್ಲಿನ ಯಂತ್ರವಿರುವ ಪಟ್ಟಿಗಳು ದೊರೆತರೆ ಹಗ್ಗಕ್ಕಿಂತ ಮೇಲು.

ರಸ್ತೆಯಲ್ಲಿ

ಹೊರಡುವ ಮೊದಲು ಮೂಕಿಯ ಪಿನ್ನಿಗೆ ಬೀಗದ ಪಿನ್ನು ಇದೆಯೇ, ಟ್ರ್ಯಾಕ್ಟರಿನ ಎರಡು ಬ್ರೇಕು ಪೆಡಲುಗಳು ಒಂದಕ್ಕೊಂದು ಸೇರಿವೆಯೇ ಎಂದು ನೋಡಬೇಕು. ಪೆಟ್ರೋಲಿನ ಕಾಕ್ ಇರುವ ಬೈಕಿನಲ್ಲಿ ಅದನ್ನು ಮುಚ್ಚಬೇಕು. ಮೊದಲ 5 ಕಿಲೋಮೀಟರಿಗೆ ನಿಂತು ಹಗ್ಗಗಳನ್ನು ಮತ್ತೆ ಬಿಗಿಯಬೇಕು; ಹೊಸ ಗಂಟು ಕುಲುಕಾಟಕ್ಕೆ ಸಡಿಲುವುದು ಸಹಜ.

ಟ್ರೇಲರಿನಲ್ಲಿ ಯಾರನ್ನೂ ಕೂರಿಸಬಾರದು. ಅದು ಸರಕಿನ ವಾಹನ. ಅಪಘಾತವಾದರೆ ಅದರಲ್ಲಿ ಕುಳಿತವರಿಗೆ ವಿಮೆಯ ಪರಿಹಾರ ಸಿಗುವುದೂ ಕಷ್ಟ. ಸರಿಯಾಗಿ ಕಟ್ಟಿದ ಬೈಕನ್ನು ಕೈಯಿಂದ ಅಲುಗಾಡಿಸಿದರೆ ಅದರೊಡನೆ ಟ್ರೇಲರೂ ಅಲುಗಬೇಕು. ಬೈಕು ಮಾತ್ರ ಅಲುಗಿದರೆ ಇನ್ನೂ ಬಿಗಿಯಬೇಕೆಂದು ತಿಳಿಯಬೇಕು. ಹಿಡಿಯಲು ಹುಡುಗರನ್ನು ಕರೆಯುವುದು ಅದಕ್ಕೆ ಪರಿಹಾರವಲ್ಲ.